ಪ್ರತಿಭೆಯ ದುರ್ಬಳಕೆ ಎಂದು ಯಾವುದನ್ನು ಕರೆಯಬೇಕು?
ಟೆರೆಲ್ ಪ್ರಯರ್ ಮತ್ತು ಜಿಮ್ ಟ್ರೆಸೆಲ್: ಒಂದು ಪ್ರಕರಣ ಅಧ್ಯಯನ

ಬೋಧನಾಭ್ಯಾಸದ ದಿನಗಳಲ್ಲಿ ಪ್ರಶಿಕ್ಷಣಾರ್ಥಿಗಳು ಬರೆಯುವ ವೀಕ್ಷಣಾ ವರದಿಗಳಲ್ಲಿ ನಿಧಾನವಾಗಿ ಕಲಿಯುವ ಮಕ್ಕಳ ಬಗ್ಗೆ ಸಾಕಷ್ಟು ಟಿಪ್ಪಣಿಗಳಿರುತ್ತವೆ. ಚೆನ್ನಾಗಿ ಕಲಿಯುವ ಮಗುವಿನ ಬಗ್ಗೆ ಸಾಮಾನ್ಯವಾಗಿ ಒಂದೇ ಸಾಲು ಇರುತ್ತದೆ: "ಚುರುಕಾಗಿದ್ದಾನೆ, ತೊಂದರೆಯಿಲ್ಲ." ಆ ಮಗುವಿಗೆ ಶಿಕ್ಷಕರು ಏನು ಕೊಟ್ಟರು, ಅವನಿಂದ ಏನು ಪಡೆದರು ಎಂಬ ಪ್ರಶ್ನೆಯನ್ನು ನಾವು ಅಪರೂಪಕ್ಕೆ ಕೇಳುತ್ತೇವೆ. ತರಗತಿಯ ಸರಾಸರಿ ಏರಿಸಲು, ಪ್ರತಿಭಾ ಕಾರಂಜಿಯಲ್ಲಿ ಬಹುಮಾನ ತರಲು, ತನಿಖೆಗೆ ಬಂದವರ ಮುಂದೆ ಉತ್ತರ ಹೇಳಿಸಲು ಅವನು ಒದಗಿಬರುತ್ತಾನೆ. ಇದರಲ್ಲಿ ಅವನಿಗೆ ದಕ್ಕಿದ್ದೆಷ್ಟು, ಶಾಲೆಗೆ ದಕ್ಕಿದ್ದೆಷ್ಟು ಎಂದು ಲೆಕ್ಕ ಹಾಕುವವರು ಕಡಿಮೆ.

ಕ್ರೀಡೆಯಲ್ಲಿ ಈ ಲೆಕ್ಕ ಸಾರ್ವಜನಿಕವಾಗಿಯೇ ನಡೆಯುತ್ತದೆ. ಅಲ್ಲಿ ಪ್ರತಿ ಪಂದ್ಯಕ್ಕೂ ಅಂಕಿಅಂಶಗಳಿವೆ, ಗುರುವಿನ ಪ್ರತಿ ನಿರ್ಧಾರವೂ ಎಲ್ಲರ ಕಣ್ಣಿಗೆ ಬೀಳುತ್ತದೆ. ಆದ್ದರಿಂದ "ಗುರುವೇ ಶಿಷ್ಯನ ಪ್ರತಿಭೆಯನ್ನು ಹಾಳುಮಾಡಿದರೇ?" ಎಂಬ ಆರೋಪವನ್ನು ಸಾಕ್ಷ್ಯ ಮುಂದಿಟ್ಟು ಪರಿಶೀಲಿಸಲು ಕ್ರೀಡೆಯ ಒಂದು ಪ್ರಕರಣ ನಮಗೆ ನೆರವಾಗುತ್ತದೆ. ಇಲ್ಲಿ ತೆಗೆದುಕೊಂಡಿರುವುದು ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್ ಜಿಮ್ ಟ್ರೆಸೆಲ್ ಮತ್ತು 2008ರಿಂದ 2010ರವರೆಗೆ ಅವರ ಕೈಕೆಳಗೆ ಆಡಿದ ಟೆರೆಲ್ ಪ್ರಯರ್ ಅವರ ಪ್ರಕರಣ.

ಆಟದ ಕಿರು ಪರಿಚಯ

ಅಮೆರಿಕನ್ ಫುಟ್‌ಬಾಲ್ ನಾವು ಕಾಲಿನಿಂದ ಆಡುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ ಅಥವಾ ಎಸೆಯುತ್ತಾರೆ. ಒಂದು ತಂಡದಿಂದ 11 ಜನ ಕಣದಲ್ಲಿರುತ್ತಾರೆ. ಚೆಂಡು ಹೊಂದಿದ ತಂಡಕ್ಕೆ 10 ಗಜ ಮುಂದೆ ಸಾಗಲು ನಾಲ್ಕು ಅವಕಾಶಗಳಿರುತ್ತವೆ. ಸಾಗಿದರೆ ಮತ್ತೆ ನಾಲ್ಕು ಅವಕಾಶ, ಸಾಗದಿದ್ದರೆ ಚೆಂಡು ಎದುರಾಳಿಗೆ. ಎದುರಾಳಿಯ ಕೊನೆಯ ಗೆರೆ ದಾಟಿದರೆ ಅದು ಟಚ್‌ಡೌನ್.

ಪ್ರತಿ ಅವಕಾಶದಲ್ಲೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರನ ಕೈಗೆ. ಓಡುವ ಜೊತೆಗಾರನಿಗೆ ಕೊಡಬೇಕೋ, ದೂರದಲ್ಲಿರುವ ರಿಸೀವರ್‌ಗೆ ಎಸೆಯಬೇಕೋ, ತಾನೇ ಓಡಬೇಕೋ ಎಂಬುದನ್ನು ಎರಡು ಮೂರು ಸೆಕೆಂಡುಗಳಲ್ಲಿ ತೀರ್ಮಾನಿಸುವವನು ಅವನೇ. ಎಸೆದ ಚೆಂಡನ್ನು ಎದುರಾಳಿ ಹಿಡಿದರೆ ಅದಕ್ಕೆ ಇಂಟರ್‌ಸೆಪ್ಶನ್ ಎನ್ನುತ್ತಾರೆ. ನಾಲ್ಕನೆಯ ಅವಕಾಶದಲ್ಲಿ ಗೆಲ್ಲುವ ಭರವಸೆ ಇಲ್ಲದಾಗ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಯನ್ನು ಹಿಂದಕ್ಕೆ ತಳ್ಳುವುದು ಪಂಟ್. ಈ ಲೇಖನಕ್ಕೆ ಇಷ್ಟು ತಿಳಿದರೆ ಸಾಕು.

ಅಲ್ಲಿ ವಿಶ್ವವಿದ್ಯಾಲಯಗಳ ಪಂದ್ಯಗಳನ್ನು ನೋಡಲು ಲಕ್ಷ ಜನ ಸೇರುವುದೂ ಉಂಟು. ಹೈಸ್ಕೂಲಿನ ಆಟಗಾರರಿಗೆ ತಜ್ಞ ಸಂಸ್ಥೆಗಳು ನಕ್ಷತ್ರಗಳ ಲೆಕ್ಕದಲ್ಲಿ ಶ್ರೇಣಿ ಕೊಡುತ್ತವೆ. ಐದು ನಕ್ಷತ್ರ ಎಂದರೆ ಅತ್ಯುನ್ನತ. ಒಬ್ಬ ಹುಡುಗ ಕಾಲೇಜು ಮೆಟ್ಟಿಲು ಹತ್ತುವ ಮೊದಲೇ ಅವನ ಮೇಲೆ ಇಡೀ ರಾಜ್ಯದ ನಿರೀಕ್ಷೆ ಬೀಳುವುದು ಹೀಗೆ.

ಹುಡುಗ ಮತ್ತು ಅವನ ಮೇಲಿನ ನಿರೀಕ್ಷೆ

ಟೆರೆಲ್ ಪ್ರಯರ್ ಪೆನ್ಸಿಲ್ವೇನಿಯಾ ರಾಜ್ಯದ ಜೆನೆಟ್ ಎಂಬ ಸಣ್ಣ ಊರಿನವರು. ಪಿಟ್ಸ್‌ಬರ್ಗ್‌ನ ಪೂರ್ವಕ್ಕಿರುವ ಈ ಊರು ಒಂದು ಕಾಲದಲ್ಲಿ ಗಾಜಿನ ಕಾರ್ಖಾನೆಗಳಿಗೆ ಹೆಸರಾಗಿತ್ತು. ಆರೂವರೆ ಅಡಿ ಎತ್ತರದ ಪ್ರಯರ್ ಅಷ್ಟು ದೊಡ್ಡ ಮೈಯಿಟ್ಟುಕೊಂಡೂ ವೇಗದ ಓಟಗಾರರಂತೆ ಓಡಬಲ್ಲವರಾಗಿದ್ದರು. ಹೈಸ್ಕೂಲಿನಲ್ಲಿ ಎಸೆತದಿಂದ 4,000 ಗಜ, ಓಟದಿಂದ 4,000 ಗಜ ಎರಡನ್ನೂ ದಾಟಿದ ಆ ರಾಜ್ಯದ ಮೊದಲ ಆಟಗಾರ ಅವರು. ಅವರ ಶಾಲೆ ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಎರಡರಲ್ಲೂ ರಾಜ್ಯ ಪ್ರಶಸ್ತಿ ಗೆದ್ದಿತು. 2008ರ ಸಾಲಿನಲ್ಲಿ ಕಾಲೇಜು ಸೇರಲಿದ್ದ ಹುಡುಗರಲ್ಲಿ ಅವರಿಗೆ ದೇಶದಲ್ಲೇ ಮೊದಲ ಸ್ಥಾನ ಸಿಕ್ಕಿತ್ತು.

ಉಳಿದವರೆಲ್ಲ ಫೆಬ್ರವರಿಯ ಮೊದಲ ವಾರದಲ್ಲೇ ಸಹಿ ಹಾಕಿದರೆ ಪ್ರಯರ್ ಮಾರ್ಚ್ 19ರವರೆಗೆ ಕಾದರು. ಒಹಾಯೊ ಸ್ಟೇಟ್, ಮಿಶಿಗನ್, ಪೆನ್ ಸ್ಟೇಟ್, ಒರೆಗಾನ್ ಈ ನಾಲ್ಕರ ನಡುವೆ ಆಯ್ಕೆ ಇತ್ತು. ಕೊನೆಗೆ ಒಹಾಯೊ ಸ್ಟೇಟ್ ಸೇರಿದರು. ಮುಂದಿನ ವಾದವಿವಾದಗಳೆಲ್ಲ ಹುಟ್ಟಿದ್ದು ಈ ಆಯ್ಕೆಯಿಂದ. ಮಿಶಿಗನ್‌ಗೆ ಆಗತಾನೆ ಬಂದಿದ್ದ ಕೋಚ್ ರಿಚ್ ರೊಡ್ರಿಗೆಜ್ 'ಸ್ಪ್ರೆಡ್' ಪದ್ಧತಿಯ ಪ್ರಮುಖರಲ್ಲೊಬ್ಬರು. ಆಟಗಾರರನ್ನು ಕಣದ ಅಗಲಕ್ಕೂ ಹರಡಿ, ನಡುವೆ ಉಂಟಾಗುವ ಖಾಲಿ ಜಾಗದಲ್ಲಿ ಕ್ವಾರ್ಟರ್‌ಬ್ಯಾಕ್ ತಾನೇ ಓಡುವುದಕ್ಕೆ ದಾರಿ ಮಾಡುವ ಪದ್ಧತಿ ಅದು. ಪ್ರಯರ್ ಅವರ ಕಾಲಿಗೆ ಹೇಳಿಮಾಡಿಸಿದ್ದು ಅದೇ ಎಂದು ಬಹಳ ಜನ ನಂಬಿದ್ದರು.

ಗುರುವಿನ ಪದ್ಧತಿ

ಜಿಮ್ ಟ್ರೆಸೆಲ್ 2001ರಲ್ಲಿ ಒಹಾಯೊ ಸ್ಟೇಟ್‌ಗೆ ಬಂದವರು. ಎರಡನೆಯ ವರ್ಷವೇ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟರು. ಅವರದು ಎಚ್ಚರಿಕೆಯ ಆಟ. ತಪ್ಪು ಮಾಡಬಾರದು, ಚೆಂಡು ಕಳೆದುಕೊಳ್ಳಬಾರದು, ಕಣದ ಒಳ್ಳೆಯ ಜಾಗ ನಮ್ಮದಾಗಿರಬೇಕು, ಉಳಿದದ್ದನ್ನು ರಕ್ಷಣಾ ಆಟಗಾರರು ನೋಡಿಕೊಳ್ಳುತ್ತಾರೆ ಎಂಬುದು ಅವರ ನಂಬಿಕೆ. ಪಂಟ್ ಅನ್ನೇ ಆಟದ ಅತಿ ಮುಖ್ಯ ಅಂಗವೆಂದು ಹೇಳುತ್ತಿದ್ದವರು ಅವರು. ಆದರೆ ಅವರಿಗೆ ಅದೊಂದೇ ಗೊತ್ತಿತ್ತು ಎನ್ನಲಾಗದು. ಓಡುವುದನ್ನೂ ಎಸೆಯುವುದನ್ನೂ ಬಲ್ಲ ಟ್ರಾಯ್ ಸ್ಮಿತ್ ಅವರ ಕೈಕೆಳಗೇ ಬೆಳೆದು 2006ರಲ್ಲಿ ಹೈಸ್‌ಮನ್ ಟ್ರೋಫಿ ಪಡೆದರು. ಕಾಲೇಜು ಫುಟ್‌ಬಾಲ್‌ನಲ್ಲಿ ಅದಕ್ಕಿಂತ ದೊಡ್ಡ ವೈಯಕ್ತಿಕ ಗೌರವವಿಲ್ಲ.

ಪ್ರಯರ್ ಬರುವ ಹೊತ್ತಿಗೆ ಟ್ರೆಸೆಲ್ ಒತ್ತಡದಲ್ಲಿದ್ದರು. 2007ರ ಜನವರಿಯ ರಾಷ್ಟ್ರೀಯ ಪ್ರಶಸ್ತಿ ಪಂದ್ಯದಲ್ಲಿ ಫ್ಲಾರಿಡಾ ವಿರುದ್ಧ 41–14, 2008ರ ಜನವರಿಯಲ್ಲಿ ಎಲ್‌ಎಸ್‌ಯು ವಿರುದ್ಧ 38–24 ಅಂತರದಲ್ಲಿ ಸೋತಿದ್ದರು. ತಂಡಕ್ಕೆ ವೇಗವಿಲ್ಲ, ಪದ್ಧತಿ ಹಳತಾಗಿದೆ ಎಂಬ ಟೀಕೆ ಎದ್ದಿತ್ತು. ಆ ಟೀಕೆಗೆ ಉತ್ತರವಾಗಿ ಬಂದವರು ಪ್ರಯರ್. ಒಬ್ಬ ಹದಿನೆಂಟರ ಹುಡುಗ ತನ್ನ ಗುರುವಿನ ಸಮಸ್ಯೆಗೆ ಪರಿಹಾರವಾಗಿ ಕಾಲೇಜು ಸೇರಿದ್ದ ಎಂಬುದನ್ನು ನಾವು ಗಮನದಲ್ಲಿಡಬೇಕು.

ಮೂರು ವರ್ಷಗಳ ದಾಖಲೆ

2008ರ ಸೆಪ್ಟೆಂಬರ್ 13ರಂದು ಯುಎಸ್‌ಸಿ ವಿರುದ್ಧ ತಂಡ 35–3ರಿಂದ ಸೋತಿತು. ಮರುವಾರವೇ ಟ್ರೆಸೆಲ್ ಹಿರಿಯ ಆಟಗಾರ ಟಾಡ್ ಬೆಕ್‌ಮನ್ ಅವರನ್ನು ಬದಿಗಿಟ್ಟು ಮೊದಲ ವರ್ಷದ ಪ್ರಯರ್ ಅವರನ್ನು ಇಳಿಸಿದರು. ಟ್ರಾಯ್ ವಿಶ್ವವಿದ್ಯಾಲಯದ ವಿರುದ್ಧದ ಆ ಪಂದ್ಯದಲ್ಲಿ ಪ್ರಯರ್ ಎಸೆತದಿಂದ ನಾಲ್ಕು ಟಚ್‌ಡೌನ್ ಮಾಡಿದರು. ಅಲ್ಲಿಂದ ಮುಂದಿನ ಅಂಕಿಗಳು ಹೀಗಿವೆ:

2008: 165 ಎಸೆತಗಳಲ್ಲಿ 100 ಸಫಲ, 1,311 ಗಜ, 12 ಟಚ್‌ಡೌನ್, 4 ಇಂಟರ್‌ಸೆಪ್ಶನ್. ಓಟ: 139 ಬಾರಿ, 631 ಗಜ.
2009: 295 ಎಸೆತಗಳಲ್ಲಿ 167 ಸಫಲ, 2,094 ಗಜ, 18 ಟಚ್‌ಡೌನ್, 11 ಇಂಟರ್‌ಸೆಪ್ಶನ್. ಓಟ: 162 ಬಾರಿ, 779 ಗಜ.
2010: 323 ಎಸೆತಗಳಲ್ಲಿ 210 ಸಫಲ, 2,772 ಗಜ, 27 ಟಚ್‌ಡೌನ್, 11 ಇಂಟರ್‌ಸೆಪ್ಶನ್. ಓಟ: 135 ಬಾರಿ, 754 ಗಜ.

ಈ ಅಂಕಿಗಳನ್ನು ಪ್ರಗತಿ ಪತ್ರದಂತೆ ಓದೋಣ. ಸಫಲ ಎಸೆತಗಳ ಪ್ರಮಾಣ ಮೊದಲ ವರ್ಷ ಸುಮಾರು ಶೇಕಡ 61, ಎರಡನೆಯ ವರ್ಷ 57ಕ್ಕೆ ಇಳಿಕೆ, ಮೂರನೆಯ ವರ್ಷ 65ಕ್ಕೆ ಏರಿಕೆ. ಒಂದು ಎಸೆತಕ್ಕೆ ಸಿಕ್ಕ ಗಜಗಳು ಕ್ರಮವಾಗಿ 7.9, 7.1, 8.6. ಒಂದು ಓಟಕ್ಕೆ ಸಿಕ್ಕ ಗಜಗಳು 4.5, 4.8, 5.6. ಎರಡನೆಯ ವರ್ಷದ ಇಳಿಕೆ ಶಿಕ್ಷಕರಿಗೆ ಹೊಸದಲ್ಲ. ಕೆಲಸದ ಭಾರ ಸುಮಾರು ಎರಡರಷ್ಟಾದಾಗ, ಎದುರಾಳಿಗಳಿಗೆ ಗುಟ್ಟು ತಿಳಿದಾಗ, ಮೊದಲು ಸುಲಭವಾಗಿ ಬಂದದ್ದು ಕಷ್ಟವಾಗುತ್ತದೆ. ಕಲಿಕಾ ರೇಖೆಯಲ್ಲಿ ಪ್ರಸ್ಥಭೂಮಿ ಎಂದು ನಾವು ಓದುವುದು ಇಂಥದ್ದನ್ನೇ.

ಮೂರು ಆರೋಪಗಳು

ಮೊದಲ ಆರೋಪ: ಪ್ರಯರ್ ಸಹಜ ಓಟಗಾರ, ಟ್ರೆಸೆಲ್ ಅವರನ್ನು ನಿಂತು ಎಸೆಯುವ ಆಟಗಾರನನ್ನಾಗಿ ಮಾಡಲು ಹೋಗಿ ಕಟ್ಟಿಹಾಕಿದರು.

ಇದಕ್ಕೆ ಹೋಲಿಕೆಯ ಸಾಕ್ಷ್ಯ ಇದೆ. ಪ್ರಯರ್ ಹೋಗದ ಮಿಶಿಗನ್‌ನಲ್ಲಿ ಅದೇ ರೊಡ್ರಿಗೆಜ್ ಕೆಳಗೆ ಡೆನಾರ್ಡ್ ರಾಬಿನ್ಸನ್ ಎಂಬ ಅತಿ ವೇಗದ ಕ್ವಾರ್ಟರ್‌ಬ್ಯಾಕ್ ಆಡಿದರು. 2010ರಲ್ಲಿ ರಾಬಿನ್ಸನ್ ಓಟದಿಂದಲೇ 1,702 ಗಜ ಗಳಿಸಿದರು. ಪ್ರಯರ್ ಗಳಿಸಿದ್ದರ ಎರಡು ಪಟ್ಟಿಗಿಂತ ಹೆಚ್ಚು. ಕಾಲಿನ ಪ್ರತಿಭೆಯನ್ನು ಪೂರ್ತಿ ಬಳಸುವುದು ಎಂದರೆ ಇದು. ಆದರೆ ಅದೇ ವರ್ಷ ಮಿಶಿಗನ್ 7 ಗೆದ್ದು 6 ಸೋತಿತು, ಒಹಾಯೊ ಸ್ಟೇಟ್ ವಿರುದ್ಧ 37–7ರಿಂದ ಸೋತಿತು, ರಾಬಿನ್ಸನ್ ಪದೇ ಪದೇ ಪೆಟ್ಟು ತಿಂದು ಕಣದಿಂದ ಹೊರಬರಬೇಕಾಯಿತು. ವರ್ಷದ ಕೊನೆಗೆ ರೊಡ್ರಿಗೆಜ್ ಕೆಲಸ ಕಳೆದುಕೊಂಡರು. ಮುಂದೆ ವೃತ್ತಿಪರ ತಂಡಕ್ಕೆ ಹೋದಾಗ ರಾಬಿನ್ಸನ್ ಕ್ವಾರ್ಟರ್‌ಬ್ಯಾಕ್ ಆಗಿ ಉಳಿಯಲಿಲ್ಲ, ರನ್ನಿಂಗ್ ಬ್ಯಾಕ್ ಆದರು. ಇರುವ ಶಕ್ತಿಯನ್ನೇ ಹೆಚ್ಚು ಹೆಚ್ಚು ಬಳಸಿದರೆ ಇಲ್ಲದ ಶಕ್ತಿ ಬೆಳೆಯುವುದಿಲ್ಲ ಎಂಬುದಕ್ಕೆ ಇದು ನಿದರ್ಶನ.

ಇನ್ನು ಪ್ರಯರ್ ಅವರನ್ನು ಓಡಲು ಬಿಡಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಮೂರು ವರ್ಷಗಳಲ್ಲಿ ಅವರು 2,164 ಗಜ ಓಡಿದ್ದಾರೆ. ಮೂರನೆಯ ವರ್ಷ ಓಟಗಳ ಸಂಖ್ಯೆ ಕಡಿಮೆಯಾಗಿ ಪ್ರತಿ ಓಟದ ಫಲ ಹೆಚ್ಚಾಗಿದೆ. ಎಲ್ಲಿ ಓಡಬೇಕು ಎಂಬ ವಿವೇಚನೆ ಬೆಳೆದಿದೆ ಎಂದು ಇದನ್ನು ಓದಬಹುದು.

ಎರಡನೆಯ ಆರೋಪ: ಟ್ರೆಸೆಲ್ ಭಯದಿಂದ ಪ್ರಯರ್ ಅವರ ಆಟವನ್ನು ಕುಗ್ಗಿಸಿದರು.

ಇಲ್ಲಿ ನಿರ್ಣಾಯಕ ಘಟ್ಟ 2009ರ ಅಕ್ಟೋಬರ್ 17. ಪರ್ಡ್ಯೂ ವಿರುದ್ಧ ಪ್ರಯರ್ ನಾಲ್ಕು ಬಾರಿ ಚೆಂಡು ಕಳೆದುಕೊಂಡರು, ತಂಡ 26–18ರಿಂದ ಸೋತಿತು. ಅನಂತರ ಟ್ರೆಸೆಲ್ ಆಟದ ಯೋಜನೆಯನ್ನು ಬಿಗಿಗೊಳಿಸಿದರು. ಎಸೆತ ಕಡಿಮೆ, ಇತರರ ಓಟ ಹೆಚ್ಚು, ಅಪಾಯ ಆದಷ್ಟು ದೂರ. ತಂಡ ಉಳಿದ ಐದೂ ಪಂದ್ಯಗಳನ್ನು ಗೆದ್ದಿತು. ಪೆನ್ ಸ್ಟೇಟ್ ವಿರುದ್ಧ 24–7, ಅಯೋವಾ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ 27–24, ಮಿಶಿಗನ್ ವಿರುದ್ಧ 21–10. ದೇಶದ ಅತಿ ಪ್ರತಿಭಾವಂತ ಹುಡುಗನನ್ನು ಕೇವಲ ಚೆಂಡು ಹಸ್ತಾಂತರಿಸುವವನನ್ನಾಗಿ ಮಾಡಿದ್ದಾರೆ ಎಂಬ ಕೂಗು ಎದ್ದದ್ದು ಈ ಗೆಲುವುಗಳ ನಡುವೆಯೇ.

ಇಲ್ಲೊಂದು ವ್ಯತ್ಯಾಸ ಗುರುತಿಸಬೇಕು. ತಡವರಿಸುತ್ತಿರುವ ಮಗುವಿಗೆ ಕೆಲಸವನ್ನು ಚಿಕ್ಕದು ಮಾಡಿಕೊಡುವುದು ಬೋಧನೆಯ ಒಂದು ಕ್ರಮ. ಏರಿಕಟ್ಟಿಗೆ ನಾವು ಹೇಳುವ ಹೆಸರು ಬೇರೆ ಬೇರೆ ಇರಬಹುದು, ತತ್ವ ಒಂದೇ. ಆದರೆ ಕಟ್ಟಡ ಏಳುತ್ತಿದ್ದಂತೆ ಏರಿಕಟ್ಟನ್ನು ಬಿಚ್ಚಬೇಕು. ಬಿಚ್ಚದಿದ್ದರೆ ಅದು ಬೇಲಿಯಾಗುತ್ತದೆ. ಹಾಗಾದರೆ ಟ್ರೆಸೆಲ್ ಬಿಚ್ಚಿದರೇ?

ಉತ್ತರ 2010ರ ಜನವರಿ 1ರ ರೋಸ್ ಬೌಲ್ ಪಂದ್ಯದಲ್ಲಿದೆ. ಎದುರಾಳಿ ಒರೆಗಾನ್, ಪ್ರಯರ್ ಹೋಗಬಹುದಾಗಿದ್ದ ತಂಡ, ಸ್ಪ್ರೆಡ್ ಆಟಕ್ಕೆ ಹೆಸರಾದ ತಂಡ. ಐದು ಪಂದ್ಯ ಕಟ್ಟಿಟ್ಟಿದ್ದ ಎಸೆತವನ್ನು ಟ್ರೆಸೆಲ್ ಅಂದು ಬಿಚ್ಚಿದರು. ಪ್ರಯರ್ 37 ಬಾರಿ ಎಸೆದು 23 ಬಾರಿ ಸಫಲರಾದರು. 266 ಗಜ, ಎರಡು ಟಚ್‌ಡೌನ್, ಜೊತೆಗೆ ಓಟದಿಂದ 72 ಗಜ. ಅರವತ್ತು ನಿಮಿಷಗಳ ಪಂದ್ಯದಲ್ಲಿ ಒಹಾಯೊ ಸ್ಟೇಟ್ 41 ನಿಮಿಷಕ್ಕೂ ಹೆಚ್ಚು ಕಾಲ ಚೆಂಡು ತನ್ನಲ್ಲೇ ಇಟ್ಟುಕೊಂಡು 26–17ರಿಂದ ಗೆದ್ದಿತು. ಪಂದ್ಯದ ಶ್ರೇಷ್ಠ ಆಟಗಾರ ಪ್ರಯರ್. ಮುಂದಿನ ವರ್ಷವಿಡೀ ಎಸೆತ ಹಿಂದಿಗಿಂತ ಹೆಚ್ಚಾಯಿತು. ಆದ್ದರಿಂದ ಈ ಆರೋಪ ನಿಲ್ಲುವುದಿಲ್ಲ. ಕುಗ್ಗಿಸಿದ್ದು ನಿಜ, ಆದರೆ ಅದು ತಾತ್ಕಾಲಿಕ, ಮುಂದೆ ಹಿಗ್ಗಿಸಿದ್ದೂ ಅಷ್ಟೇ ನಿಜ.

ಮೂರನೆಯ ಆರೋಪ: ಪ್ರಯರ್ ಅವರಿಗೆ ಎಸೆತದ ತಂತ್ರವನ್ನು ಕಲಿಸಲಿಲ್ಲ, ಅವರಿಗೆ ತಕ್ಕ ಸ್ಥಾನವನ್ನೂ ಗುರುತಿಸಲಿಲ್ಲ.

ಇದು ಮೊದಲೆರಡಕ್ಕಿಂತ ಗಟ್ಟಿಯಾದ ಆರೋಪ. ಪ್ರಯರ್ 2011ರಲ್ಲಿ ಓಕ್‌ಲ್ಯಾಂಡ್ ರೈಡರ್ಸ್ ಸೇರಿದರು. ಕಾಲುಗಳ ನಿಲುವು, ಕೈಯ ಚಲನೆ ಇವುಗಳ ಬಗ್ಗೆ ಕಾಲೇಜಿನಲ್ಲಿ ಕೇಳಿಬಂದಿದ್ದ ಟೀಕೆಯೇ ಅಲ್ಲೂ ಕೇಳಿಬಂತು. ಎಸೆತವನ್ನು ತಿದ್ದಿಕೊಳ್ಳಲು ಅವರು ಬೇರೆ ತರಬೇತುದಾರರ ಬಳಿ ಹೋಗಬೇಕಾಯಿತು. 2013ರಲ್ಲಿ ನಿಯಮಿತವಾಗಿ ಆಡಿದಾಗ 7 ಟಚ್‌ಡೌನ್‌ಗಳಿಗೆ 11 ಇಂಟರ್‌ಸೆಪ್ಶನ್ ಆದವು. ಅದೇ ವರ್ಷ ಪಿಟ್ಸ್‌ಬರ್ಗ್ ಸ್ಟೀಲರ್ಸ್ ವಿರುದ್ಧ 93 ಗಜ ಓಡಿ ಟಚ್‌ಡೌನ್ ಮಾಡಿದರು. ವೃತ್ತಿಪರ ಲೀಗ್‌ನ ಇತಿಹಾಸದಲ್ಲಿ ಅಲ್ಲಿಯವರೆಗೆ ಯಾವ ಕ್ವಾರ್ಟರ್‌ಬ್ಯಾಕೂ ಅಷ್ಟು ದೂರ ಓಡಿರಲಿಲ್ಲ. ಅಂದರೆ ಹುಟ್ಟಿನಿಂದ ಬಂದ ಶಕ್ತಿ ಹಾಗೆಯೇ ಇತ್ತು, ಕಲಿತು ಬರಬೇಕಾದದ್ದು ಪೂರ್ತಿ ಬಂದಿರಲಿಲ್ಲ.

ಕೊನೆಗೆ ಪ್ರಯರ್ ಎಸೆಯುವುದನ್ನು ಬಿಟ್ಟು ಹಿಡಿಯುವ ಸ್ಥಾನಕ್ಕೆ ಬಂದರು. 2016ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ ರಿಸೀವರ್ ಆಗಿ 77 ಚೆಂಡು ಹಿಡಿದು 1,007 ಗಜ ಗಳಿಸಿದರು. ಆ ಸ್ಥಾನದಲ್ಲಿ ಪೂರ್ಣಾವಧಿ ಆಡಿದ ಮೊದಲ ವರ್ಷದಲ್ಲೇ ಇದು ಸಾಧ್ಯವಾಯಿತು. ಇದರ ಸುಳಿವು ಮೊದಲೇ ಸಿಕ್ಕಿತ್ತೇ? 2009ರ ಜನವರಿಯ ಫಿಯೆಸ್ಟಾ ಬೌಲ್‌ನಲ್ಲಿ ಟೆಕ್ಸಾಸ್ ವಿರುದ್ಧ ಬೆಕ್‌ಮನ್ ಎಸೆದ ಚೆಂಡನ್ನು ಹಿಡಿದು ಟಚ್‌ಡೌನ್ ಮಾಡಿದವರು ಇದೇ ಪ್ರಯರ್. ಟ್ರೆಸೆಲ್ ಈ ಸಾಮರ್ಥ್ಯವನ್ನು ಕಂಡಿದ್ದರು, ಒಂದೆರಡು ಸಲ ಬಳಸಿದರು, ಮುಂದುವರಿಸಲಿಲ್ಲ.

ಆದರೂ ಇಲ್ಲಿ ಎಚ್ಚರ ಬೇಕು. ಪ್ರಯರ್ ಬಯಸಿದ್ದು ಕ್ವಾರ್ಟರ್‌ಬ್ಯಾಕ್ ಆಗಲು. ಹದಿನೆಂಟರ ವಯಸ್ಸಿನಲ್ಲಿ ದೇಶದ ಮೊದಲ ಸ್ಥಾನದಲ್ಲಿದ್ದವರಿಗೆ "ನಿನಗೆ ಈ ಕೆಲಸ ಬೇಡ, ಅದು ಮಾಡು" ಎಂದು ಹೇಳಿದ್ದರೆ ಅದನ್ನೇ ಪ್ರತಿಭೆಯ ದುರ್ಬಳಕೆ ಎಂದು ಕರೆಯುತ್ತಿದ್ದರು. 2016ರ ಫಲಿತಾಂಶ ಹಿಡಿದು 2008ರ ನಿರ್ಧಾರವನ್ನು ಅಳೆಯುವುದು ನ್ಯಾಯವಲ್ಲ. ಅಂದು ಗೊತ್ತಿದ್ದುದರ ಮೇಲೆಯೇ ತೀರ್ಪು ನಿಲ್ಲಬೇಕು. ಸ್ಥಾನದ ಆರೋಪವನ್ನು ಕೈಬಿಡಬಹುದು. ತಂತ್ರದ ಆರೋಪ ಮಾತ್ರ ಭಾಗಶಃ ಉಳಿಯುತ್ತದೆ.

ಬ್ಲೂಮ್ ಅವರ ಇನ್ನೊಂದು ಅಧ್ಯಯನ

ನಮಗೆಲ್ಲ ಬೆಂಜಮಿನ್ ಬ್ಲೂಮ್ ಎಂದರೆ ಉದ್ದೇಶಗಳ ವರ್ಗೀಕರಣ. ಅವರು ಸಂಗಡಿಗರೊಂದಿಗೆ 1985ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಇಲ್ಲಿ ಹೆಚ್ಚು ಉಪಯುಕ್ತ. ಪಿಯಾನೊ ವಾದಕರು, ಶಿಲ್ಪಿಗಳು, ಈಜುಗಾರರು, ಟೆನಿಸ್ ಆಟಗಾರರು, ಗಣಿತಜ್ಞರು, ನರವಿಜ್ಞಾನಿಗಳು ಹೀಗೆ ಎಳೆಯ ವಯಸ್ಸಿನಲ್ಲೇ ಉನ್ನತ ಮಟ್ಟ ಮುಟ್ಟಿದವರನ್ನು ಸಂದರ್ಶಿಸಿ ಅವರ ಬೆಳವಣಿಗೆಯನ್ನು ಅವರು ಪತ್ತೆಹಚ್ಚಿದರು. ಪ್ರತಿಭೆ ಮೂರು ಹಂತಗಳಲ್ಲಿ ಬೆಳೆಯುತ್ತದೆ ಎಂಬುದು ಅವರ ಕಾಣ್ಕೆ. ಮೊದಲು ಆಟದಂತೆ ಆನಂದಿಸುವ ಹಂತ, ಆಮೇಲೆ ತಂತ್ರವನ್ನು ಕಟ್ಟುನಿಟ್ಟಾಗಿ ಕಲಿಯುವ ಹಂತ, ಕೊನೆಗೆ ತನ್ನದೇ ಶೈಲಿ ಕಂಡುಕೊಳ್ಳುವ ಹಂತ. ಒಂದೊಂದು ಹಂತಕ್ಕೂ ಬೇಕಾದ ಗುರು ಬೇರೆ ಬಗೆಯವರು.

ಈ ದೃಷ್ಟಿಯಲ್ಲಿ ಪ್ರಯರ್ ಪ್ರಕರಣ ತಿಳಿಯಾಗುತ್ತದೆ. ಅವರ ಮೊದಲ ಹಂತ ಅದ್ಭುತವಾಗಿತ್ತು. ಜೆನೆಟ್‌ನ ಕಣದಲ್ಲಿ ಎತ್ತರ, ವೇಗ ಎರಡರಲ್ಲೂ ಅವರನ್ನು ತಡೆಯುವವರಿರಲಿಲ್ಲ. ತಡೆಯುವವರಿಲ್ಲದ ಕಡೆ ತಂತ್ರದ ಅಗತ್ಯ ಬೀಳುವುದಿಲ್ಲ. ಲೆಕ್ಕದ ಹಂತಗಳನ್ನು ಬರೆಯದೆ ನೇರವಾಗಿ ಉತ್ತರ ಹೇಳುವ ಜಾಣ ಹುಡುಗನಂತೆ ಅವರು ಕಾಲೇಜಿಗೆ ಬಂದರು. ಅಲ್ಲಿ ಬೇಕಾಗಿದ್ದುದು ಎರಡನೆಯ ಹಂತದ ತಾಳ್ಮೆ. ಆದರೆ ನಾಲ್ಕನೆಯ ಪಂದ್ಯದಿಂದಲೇ ಗೆಲ್ಲಿಸುವ ಹೊಣೆ ಅವರ ಹೆಗಲಿಗೆ ಬಿತ್ತು. ವಾರಕ್ಕೊಂದು ಪಂದ್ಯ ಗೆಲ್ಲಬೇಕಾದಾಗ ಹಳೆಯ ಅಭ್ಯಾಸ ಬಿಡಿಸಿ ಹೊಸದು ಕಲಿಸಲು ಬಿಡುವು ಸಿಗುವುದಿಲ್ಲ. ಹೊಸ ತಂತ್ರ ಕಲಿಯುವಾಗ ಮೊದಲು ಫಲಿತಾಂಶ ಇಳಿಯುತ್ತದೆ. ಆ ಇಳಿಕೆಯನ್ನು ಸಹಿಸಿಕೊಳ್ಳುವಷ್ಟು ಕಾಲ ಯಾರ ಬಳಿಯೂ ಇರಲಿಲ್ಲ. ಇದು ಟ್ರೆಸೆಲ್ ಒಬ್ಬರ ದೋಷ ಎನ್ನುವುದಕ್ಕಿಂತ ಆ ವ್ಯವಸ್ಥೆಯ ದೋಷ. ಆದರೂ ಹಿರಿಯ ಆಟಗಾರನನ್ನು ಕೆಳಗಿಳಿಸಿ ಮೊದಲ ವರ್ಷದ ಹುಡುಗನನ್ನು ಇಳಿಸುವ ನಿರ್ಧಾರ ಅವರದೇ ಆಗಿತ್ತು.

ಕಣದ ಹೊರಗಿನ ಪ್ರಶ್ನೆ

2010ರ ಡಿಸೆಂಬರ್‌ನಲ್ಲಿ ಪ್ರಯರ್ ಸೇರಿ ಐವರು ಆಟಗಾರರಿಗೆ ಮುಂದಿನ ವರ್ಷದ ಮೊದಲ ಐದು ಪಂದ್ಯಗಳ ನಿಷೇಧ ಬಿತ್ತು. ತಮಗೆ ಬಂದ ಸ್ಮರಣಿಕೆಗಳನ್ನು ಮಾರಿಕೊಂಡದ್ದು, ಹಚ್ಚೆ ಹಾಕಿಸಿಕೊಳ್ಳಲು ರಿಯಾಯಿತಿ ಪಡೆದದ್ದು ಅವರ ಮೇಲಿನ ಆರೋಪ. ಪ್ರಯರ್ ಮಾರಿದ್ದರಲ್ಲಿ 2008ರ ಚಾಂಪಿಯನ್‌ಶಿಪ್ ಉಂಗುರವೂ ಫಿಯೆಸ್ಟಾ ಬೌಲ್‌ನಲ್ಲಿ ಸಿಕ್ಕಿದ್ದ ಕ್ರೀಡಾ ಮನೋಭಾವದ ಪ್ರಶಸ್ತಿಯೂ ಇದ್ದವು. 2,500 ಡಾಲರ್ ಹಿಂತಿರುಗಿಸುವಂತೆ ಅವರಿಗೆ ಸೂಚಿಸಲಾಯಿತು. ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸುವುದು ಅಂದು ನಿಷಿದ್ಧ. 2021ರ ಜುಲೈನಿಂದ ಅಲ್ಲಿನ ನಿಯಮ ಸಡಿಲವಾಗಿ ಹೆಸರು, ಚಿತ್ರಗಳಿಂದ ಗಳಿಸಲು ಅನುಮತಿ ಬಂದಿದೆ. ಲಕ್ಷ ಜನ ಟಿಕೆಟ್ ಕೊಂಡು ನೋಡುವ ಆಟ ಆಡುತ್ತಿದ್ದ ಹುಡುಗ ತನ್ನದೇ ಉಂಗುರ ಮಾರಿದ್ದಕ್ಕೆ ಶಿಕ್ಷೆ ಅನುಭವಿಸಿದ ಎಂಬುದನ್ನು ಇಂದು ಓದುವವರು ಹಾಗೆಯೇ ದಾಟಿಹೋಗಲಾರರು.

ನಮ್ಮ ಪ್ರಶ್ನೆ ಗುರುವಿಗೆ ಸಂಬಂಧಿಸಿದ್ದು. ಈ ವಿಷಯ ಟ್ರೆಸೆಲ್ ಅವರಿಗೆ 2010ರ ಏಪ್ರಿಲ್‌ನಲ್ಲೇ ಇಮೇಲ್ ಮೂಲಕ ತಿಳಿದಿತ್ತು. ಅವರು ವಿಶ್ವವಿದ್ಯಾಲಯಕ್ಕೆ ತಿಳಿಸಲಿಲ್ಲ. ಸೆಪ್ಟೆಂಬರ್‌ನಲ್ಲಿ ತಮಗೆ ಯಾವ ಉಲ್ಲಂಘನೆಯೂ ತಿಳಿದಿಲ್ಲ ಎಂಬ ಪತ್ರಕ್ಕೆ ಸಹಿ ಹಾಕಿದರು. ಆ ಆಟಗಾರರು ಇಡೀ ಋತು ಆಡಿದರು, ತಂಡ 12 ಪಂದ್ಯ ಗೆದ್ದಿತು. ವಿಷಯ ಹೊರಬಂದ ಮೇಲೆ 2011ರ ಮೇ 30ರಂದು ಟ್ರೆಸೆಲ್ ರಾಜೀನಾಮೆ ಕೊಟ್ಟರು. ಮರುತಿಂಗಳು ಪ್ರಯರ್ ನಾಲ್ಕನೆಯ ವರ್ಷ ಆಡದೆ ಕಾಲೇಜು ಬಿಟ್ಟರು. 2010ರ ಗೆಲುವುಗಳನ್ನು ದಾಖಲೆಯಿಂದ ತೆಗೆದುಹಾಕಲಾಯಿತು. ಪ್ರಯರ್ ಅವರ ಅತ್ಯುತ್ತಮ ವರ್ಷವೂ ಆ ಗೆಲುವುಗಳ ಜೊತೆಗೇ ಮಸುಕಾಯಿತು.

ಟ್ರೆಸೆಲ್ ಸುಮ್ಮನಿದ್ದದ್ದು ಹುಡುಗರನ್ನು ಕಾಪಾಡಲು ಎಂದು ವಾದಿಸುವವರಿದ್ದಾರೆ. ಆದರೆ ಆ ಮೌನದಿಂದ ಲಾಭವಾದದ್ದು ಆ ವರ್ಷದ ಪಂದ್ಯಗಳಿಗೆ. ಏಪ್ರಿಲ್‌ನಲ್ಲೇ ಹೇಳಿದ್ದರೆ ಕೆಲವು ಪಂದ್ಯಗಳ ನಿಷೇಧ ಮುಗಿಸಿ ಪ್ರಯರ್ ಆಡಬಹುದಿತ್ತು, ನಾಲ್ಕನೆಯ ವರ್ಷವೂ ಉಳಿಯಬಹುದಿತ್ತು. ಎಸೆತದ ತಂತ್ರ ಕಲಿಯಲು ಬೇಕಾಗಿದ್ದುದು ಆ ವರ್ಷವೇ. ಮುಂದೆ ಟ್ರೆಸೆಲ್ 2014ರಲ್ಲಿ ಯಂಗ್ಸ್‌ಟೌನ್ ಸ್ಟೇಟ್ ವಿಶ್ವವಿದ್ಯಾಲಯದ ಅಧ್ಯಕ್ಷರಾದರು. ಗುರುವಿಗೆ ಇನ್ನೊಂದು ಅವಕಾಶ ಸಿಕ್ಕಿತು. ಕಾಲೇಜು ಆಟಗಾರನ ನಾಲ್ಕನೆಯ ವರ್ಷ ಮಾತ್ರ ಮತ್ತೆ ಬರುವುದಿಲ್ಲ.

ತೀರ್ಮಾನ

ದುರ್ಬಳಕೆ ಆಯಿತೇ ಎಂಬುದನ್ನು ನಿರ್ಧರಿಸಲು ಮೂರು ಮಾನದಂಡಗಳನ್ನು ಇಟ್ಟುಕೊಳ್ಳಬಹುದು. ಒಂದು, ಇರುವ ಸಾಮರ್ಥ್ಯಕ್ಕೆ ಅವಕಾಶ ಸಿಕ್ಕಿತೇ? ಎರಡು, ಇಲ್ಲದ ಸಾಮರ್ಥ್ಯ ಬೆಳೆಯಿತೇ? ಮೂರು, ಗುರುವಿನ ಹಿತ ಮತ್ತು ಶಿಷ್ಯನ ಹಿತ ಬೇರೆಯಾದಾಗ ಗುರು ಯಾರ ಕಡೆ ನಿಂತರು?

ಮೊದಲನೆಯದರಲ್ಲಿ ಟ್ರೆಸೆಲ್ ಉತ್ತೀರ್ಣರು. ಎರಡನೆಯದರಲ್ಲಿ ಅರ್ಧ ಅಂಕ: ಅಂಕಿಅಂಶಗಳು ಬೆಳೆದವು, ವಿವೇಚನೆ ಬೆಳೆಯಿತು, ತಂತ್ರ ಬೆಳೆಯಲಿಲ್ಲ. ಮೂರನೆಯದರಲ್ಲಿ ಅವರು ಸೋತರು. ಜನ ಆಡಿಕೊಂಡದ್ದು ಆಟದ ಯೋಜನೆಯನ್ನು. ನಿಜವಾದ ತಪ್ಪು ಆಗಿದ್ದು ಕಚೇರಿಯ ಕಾಗದದಲ್ಲಿ. ತರಗತಿಯಲ್ಲೂ ಹೀಗೆಯೇ. ಶಿಕ್ಷಕರ ವಿಧಾನದ ಬಗ್ಗೆ ನಾವು ಬಹಳ ಚರ್ಚಿಸುತ್ತೇವೆ. ಜಾಣ ಮಗುವಿನಿಂದ ಶಾಲೆಗೆ ಬರುವ ಹೆಸರಿಗಾಗಿ ಅದರ ಯಾವ ದೋಷವನ್ನು ಕಂಡೂ ಕಾಣದಂತಿದ್ದೇವೆ ಎಂದು ಕೇಳಿಕೊಳ್ಳುವುದಿಲ್ಲ.

ಅಭ್ಯಾಸ ಪಾಠದ ಚರ್ಚಾಗೋಷ್ಠಿಗೆ

ಶೈಕ್ಷಣಿಕ ಮನೋವಿಜ್ಞಾನದ ತರಗತಿಯಲ್ಲಿ ಅಥವಾ ದೈಹಿಕ ಶಿಕ್ಷಣದ ಪ್ರಶಿಕ್ಷಣಾರ್ಥಿಗಳೊಂದಿಗೆ ಈ ಪ್ರಕರಣವನ್ನು ಎರಡು ಅವಧಿಗಳಲ್ಲಿ ಬಳಸಬಹುದು. ಮೊದಲ ಅವಧಿಯಲ್ಲಿ ಮೂರು ವರ್ಷಗಳ ಅಂಕಿಗಳನ್ನಷ್ಟೇ ಕೊಟ್ಟು, ಹೆಸರು ಹೇಳದೆ, "ಈ ವಿದ್ಯಾರ್ಥಿಯ ಪ್ರಗತಿ ಹೇಗಿದೆ?" ಎಂದು ಬರೆಸಬೇಕು. ಎರಡನೆಯ ಅವಧಿಯಲ್ಲಿ ಉಳಿದ ಸಂಗತಿಗಳನ್ನು ಕೊಟ್ಟು ತಮ್ಮ ತೀರ್ಪನ್ನು ತಿದ್ದಲು ಹೇಳಬೇಕು. ಏನು ತಿದ್ದಿದರು, ಯಾವ ಸಂಗತಿ ಅವರನ್ನು ತಿದ್ದುವಂತೆ ಮಾಡಿತು ಎಂಬುದೇ ಮೌಲ್ಯಮಾಪನದ ಅಂಶ. ಈ ಪ್ರಶ್ನೆಗಳು ಚರ್ಚೆಗೆ ನೆರವಾದಾವು:

1. ಕೆಲಸವನ್ನು ಚಿಕ್ಕದು ಮಾಡಿಕೊಡುವುದು ಯಾವಾಗ ನೆರವು, ಯಾವಾಗ ತಡೆ? ನಿಮ್ಮ ಅಭ್ಯಾಸ ಪಾಠದಿಂದ ಒಂದೊಂದು ಉದಾಹರಣೆ ಕೊಡಿ.
2. ಒಬ್ಬ ವಿದ್ಯಾರ್ಥಿಯ ಸುಲಭ ಯಶಸ್ಸು ಅವನ ಯಾವ ಕೊರತೆಯನ್ನು ಮುಚ್ಚಿಡಬಹುದು? ಅದನ್ನು ಪತ್ತೆಹಚ್ಚಲು ಎಂಥ ಪ್ರಶ್ನೆ ಕೇಳುವಿರಿ?
3. ಫಲಿತಾಂಶ ತಿಳಿದ ಮೇಲೆ ಶಿಕ್ಷಕರ ಹಳೆಯ ನಿರ್ಧಾರವನ್ನು ಅಳೆಯುವಾಗ ಯಾವ ಎಚ್ಚರ ಬೇಕು?
4. ಶಾಲೆಗೆ ಬಹುಮಾನ ತರುವ ವಿದ್ಯಾರ್ಥಿ ನಿಯಮ ಮುರಿದದ್ದು ನಿಮಗೊಬ್ಬರಿಗೇ ತಿಳಿದಿದೆ, ಸ್ಪರ್ಧೆ ಮುಂದಿನ ವಾರವಿದೆ. ಮೊದಲು ಯಾರೊಡನೆ ಮಾತನಾಡುವಿರಿ? ಅದರಿಂದ ಆ ವಿದ್ಯಾರ್ಥಿಗೆ ಆಗುವ ನಷ್ಟ, ಒಳಿತು ಎರಡನ್ನೂ ಬರೆಯಿರಿ.

ನಾಲ್ಕನೆಯ ಪ್ರಶ್ನೆಗೆ ಪ್ರಶಿಕ್ಷಣಾರ್ಥಿಗಳು ಥಟ್ಟನೆ ಕೊಡುವ ಆದರ್ಶದ ಉತ್ತರವನ್ನು ಹಾಗೆಯೇ ಒಪ್ಪಿಕೊಳ್ಳಬೇಡಿ. ಟ್ರೆಸೆಲ್ ಕೂಡ ಶಿಸ್ತು, ನಡತೆಗಳ ಬಗ್ಗೆ ಹೆಸರಾದವರೇ. ಎದುರಿಗೆ ಋತುವಿನ ವೇಳಾಪಟ್ಟಿ ಇದ್ದಾಗ ಅಂಥವರೂ ಸುಮ್ಮನಾದರು ಎಂಬುದನ್ನು ನೆನಪಿಸಿ, ಮತ್ತೊಮ್ಮೆ ಬರೆಯಲು ಹೇಳಿ.